ಎರಡು ಬೆವರು

ಮಂಡಕ್ಕಿ ಭಟ್ಟಿಯಲ್ಲಿ ಎಲ್ಲರಿಗೂ ಬೆವರು.
ಹಾಗಾಗಿ ಮೊದಮೊದಲು ನನಗೆ ಗೊತ್ತಾಗಲಿಲ್ಲ.

ಕಾದ ಮರಳಿಗೆ ಅಕ್ಕಿ ಸುರಿದು
ಅದು ಅರಳುವ ಗಳಿಗೆಗೆ ಸರಿಯಾಗಿ ಜರಡಿಗೆಳೆಯುವ ದಾದಾಪೀರನ ಕೈ
ಮೂವತ್ತು ವರ್ಷದಲ್ಲಿ ತಪ್ಪಿದ್ದಿಲ್ಲ.
ಅವತ್ತು ಒಂದು ಬಾಣಲೆ ಪೂರಾ ಕರಕಲಾಯಿತು.
ನೋಡುತ್ತ ನಿಂತಿದ್ದ, ಯಾರದೋ ಅಕ್ಕಿ ಎಂಬಂತೆ.
ಮೈಯೆಲ್ಲ ನೀರು. ಒಲೆಯ ಝಳ ಅಂದುಕೊಂಡೆ.

ಈಗ ಕಲಿತಿದ್ದೇನೆ.
ಬೆಂಕಿಯ ಬೆವರು ಬಿಸಿ,
ಹೊಟ್ಟಿನ ಮಸಿ ಕಲೆಸಿಕೊಂಡು ಬೆನ್ನಿಗಿಳಿಯುತ್ತದೆ.
ಸೂಜಿಯ ಬೆವರು ತಣ್ಣಗೆ,
ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟ
ಅವನ ಇನ್ಸುಲಿನ್ ಮಡಕೆಯ ಹೊರಮೈಯಷ್ಟು ತಣ್ಣಗೆ.
ಹಾದುಹೋಗುವಾಗೆಲ್ಲ ಅವನ ಕತ್ತಿನ ಹಿಂದೆ ಅಂಗೈ ಇಡುತ್ತೇನೆ.
ಚೀಲ ಹೊಲಿಯುವ ಹುಡುಗಿಯರು ಮುಸಿಮುಸಿ ನಗುತ್ತಾರೆ:
'ಈ ವಯಸ್ಸಿನಾಗ ಚಮನಕ್ಕಂದು ಏನ್ ಪ್ರೀತಿ!'
ನಗಲಿ.

ಹೊಕ್ಕುಳ ಎಡಕ್ಕೆ ಒಂದು ಗಂಟು.
ನೆನೆದ ಕಡಲೆಯಷ್ಟಿದ್ದದ್ದು ನಿಂಬೆಯಷ್ಟಾಗಿದೆ.
ಅಲ್ಲೇ ಚುಚ್ಚಿಕೊಳ್ಳುತ್ತಾನೆ, ಅಲ್ಲಿ ನೋಯುವುದಿಲ್ಲವಂತೆ.
ಚಿಗಟೇರಿ ಆಸ್ಪತ್ರೆಯ ಕೊಟ್ರಮ್ಮ ಸಿಸ್ಟರ್ ಒತ್ತಿ ನೋಡಿ ಬೈದಳು:
'ಜಾಗ ಬದ್ಲು ಮಾಡಬೇಕೋ ಅಣ್ಣಾ.
ಔಷಧಿ ಗಂಟಿನಾಗೇ ಕುಂತುಬಿಡ್ತದೆ,
ಬೇಕಾದಾಗ ಬರಲ್ಲ, ಬ್ಯಾಡಾದಾಗ ಒಮ್ಮೆಲೇ ಬರ್ತದೆ.'
'ನಮ್ಮ ದಾವಣಗೆರೆ ನಳ ಇದ್ದಂಗೆ' ಅಂದ ಇವನು.
ಅವಳೂ ನಕ್ಕಳು.

ಸಿಸ್ಟರಿಗೆ ನಾನು ಒಂದು ಹೇಳಲಿಲ್ಲ.
ರಾತ್ರಿ ಮೂರಕ್ಕೆ ಸಕ್ಕರೆ ಇಳಿದಾಗ
ಅವನ ನಾಲಿಗೆಯ ಮೇಲೆ ಬೇರೊಬ್ಬ ಬಂದು ಕೂರುತ್ತಾನೆ.
ಬೆಲ್ಲದ ನೀರಿನ ಲೋಟ ತಳ್ಳಿ
'ವಿಷ ಹಾಕ್ತೀಯೇನೇ' ಅನ್ನುತ್ತಾನೆ.
ಇಪ್ಪತ್ತು ವರ್ಷದ ಹಿಂದೆ ಮಣ್ಣು ಮಾಡಿ ಬಂದ ಮಗುವಿನ ಹೆಸರೆತ್ತಿ
ಅದು ಹೋದದ್ದು ನಿನ್ನಿಂದಲೇ ಅನ್ನುತ್ತಾನೆ.
ಪುಸಲಾಯಿಸಿ ಗುಟುಕು ಗುಟುಕಾಗಿ ಕುಡಿಸುತ್ತೇನೆ.
ಗಡಿಯಾರ ನೋಡುತ್ತ ಕೂರುತ್ತೇನೆ.
ಹತ್ತು ನಿಮಿಷ.
ಹದಿನೈದು.
ಆಮೇಲೆ ದಾದಾಪೀರ ಬರುತ್ತಾನೆ,
ಪರವೂರಿಂದ ಈಗಷ್ಟೇ ಬಸ್ಸಿಳಿದವನಂತೆ.
'ಯಾಕೆ ಚಮನ್, ಮಲಗಿಲ್ಲೇನು? ನಾನೇನಾರ ಅಂದ್ನಾ?'

ಇಲ್ಲ.

ಔಷಧಿ ಡಬ್ಬಿಯಲ್ಲಿ ಎಂಟು ಮಡಿಕೆಯ ಒಂದು ಕಾಗದ ಇರುತ್ತದೆ.
ಮೆಡಿಕಲ್ ಶಾಪಿನ ಹುಡುಗನ ಕೈಲಿ ಓದಿಸಿದೆ.
ನಡುಕ, ಹಸಿವು, ಬೆವರು, ಮಂಪರು,
ತೂಕ ಏರಬಹುದು, ಚುಚ್ಚಿದಲ್ಲಿ ಗಂಟಾಗಬಹುದು.
ಮುಂದೆ ಅಂದೆ.
ಮುಂದೆ ಕಂಪನಿ ವಿಳಾಸ ಅಕ್ಕಾ, ಅಂದ.
ಅವನಲ್ಲಿ ಕರಗಿಹೋದ ಮಾತು
ನನ್ನೊಳಗೆ ಗಂಟು ಕಟ್ಟುವುದು
ಅದರಲ್ಲಿ ಇರಲಿಲ್ಲ.

ಇವತ್ತು ಬೆಳಿಗ್ಗೆ ತೊಡೆಗೆ ಚುಚ್ಚಿಕೊಂಡ.
ನೋಯ್ತು, ಅಂದ. ಮುಖ ಹಿಂಡಿಕೊಂಡ ಮಗುವಿನ ಹಾಗೆ.
ನನ್ನ ಸೆರಗಿನ ತುದಿಯ ಬೆಲ್ಲಕ್ಕೆ ಆಗಲೇ ಇರುವೆ ಹತ್ತಿವೆ;
ಝಾಡಿಸಿ ಮತ್ತೆ ಕಟ್ಟಿಕೊಂಡೆ.
ಒಲೆ ಹೊತ್ತಿತು. ಮರಳು ಕಾಯುತ್ತಿದೆ.
ನಾನು ಹಾದುಹೋಗುವಾಗ
ಜರಡಿ ಬಿಡದೆಯೇ, ಕರೆಯದೆಯೇ,
ಅವನೇ ಕತ್ತು ಬಗ್ಗಿಸಿದ.

ಅಂಗೈ ಇಟ್ಟೆ.
ಬಿಸಿ.