ಪಡುಗೋಡೆ

ಕರಣೆಯ ಹಿಡಿಯಿಂದ ಗೋಡೆ ತಟ್ಟಿ
ಕಿವಿಗೊಟ್ಟ ಕೈತಾನ ಮೇಸ್ತ್ರಿ:
"ಪೊಳ್ಳು ಅಕ್ಕೋರೇ. ನುಣ್ಣನೆ ಬೀಮಿಗೆ ಮೆತ್ತಿದ್ದಾರೆ,
ಗಾರೆ ಹಿಡಿಯೋದು ಏನನ್ನು?"

ಬೈತಖೋಲದ ಗಾಳಿ ನೇರ ಇದಕ್ಕೇ.
ಬಿರುಕಲ್ಲಿ ಹೊಕ್ಕ ಉಪ್ಪು
ಒಳಗೆ, ಕ್ಯಾಲೆಂಡರಿನ ಹಿಂದೆ, ಬೆಳ್ಳಗೆ ಅರಳಿತ್ತು.

ಮೂರು ದಿನ ಉಳಿ ಹಿಡಿದು ಬೀಮಿಗೆ ಕಚ್ಚು ಹಾಕಿದ.
ಚೀರೆಕಲ್ಲು ಕೂಡುವಲ್ಲಿ ಕೋಳಿಗೂಡಿನ ಜಾಳಿಗೆ ಬಡಿದ.
ಬಂದ ಮರಳನ್ನು ನಾಲಿಗೆಗಿಟ್ಟು ಉಗಿದ:
"ಅಳಿವೆಯದ್ದು. ವಾಪಸ್ ಕಳಿಸಿ."

ಆಮೇಲೆ ಸಿಮೆಂಟಿನ ಹಾಲು, ಎರಚುಗಾರೆ,
ಅದರ ಮೇಲೆ ಔಷಧಿ ಬೆರೆಸಿದ್ದು.
ಹತ್ತು ದಿನ, ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ,
ಪೈಪು ಹಿಡಿದೆ ನಾನು:
ಗೋಡೆ ನೆನೆಯದಿರಲೆಂದು
ಗೋಡೆ ನೆನೆಸಿದೆ.

ಇವತ್ತು ಮೊದಲ ಮಳೆ. ಕರೆಂಟಿಲ್ಲ.
ಚಮಚದಿಂದ ಒಳಗೋಡೆ ತಟ್ಟುತ್ತ ಹೋದೆ.
ಗಟ್ಟಿ. ಗಟ್ಟಿ. ಕಿಟಕಿಯ ಕೆಳಗೆ ಮಾತ್ರ
ಮತ್ತೊಮ್ಮೆ ತಟ್ಟಿದೆ.