ತಿನ್ನದವನ ತಕ್ಕಡಿ

ಮಾಪ್ಸಾ ಮಾರ್ಕೆಟ್ಟಿನ ಹಿಂದೆ, ಸಾಸೇಜು ತೂಗುಹಾಕುವ ಓಣಿಯಲ್ಲಿ
ನನ್ನ ಅಂಗಡಿ. ಎರಡು ಕುರ್ಚಿ, ಎರಡು ಕನ್ನಡಿ.
ಶುಕ್ರವಾರದ ಸಂತೆಗೆ ಒಂದರಲ್ಲಿ ಸತ್ತರಿ ಕೂರುತ್ತದೆ,
ಒಂದರಲ್ಲಿ ತಿಸವಾಡಿ.

ಸತ್ತರಿಯ ಝಿಲು ಗಾಂವಕರನಿಗೆ ಎಡಗಿವಿ ಅರ್ಧ,
ಮಿಕ್ಕರ್ಧ ಹಂದಿ ತಿಂದದ್ದು.
ದಿವಾಡಿ ದ್ವೀಪದ ಕಾಯ್ತಾನನ ಹೆಗ್ಗತ್ತಿಗೆ
ಕತ್ತರಿ ಇಟ್ಟರೆ ಕರಕರ. ಉಪ್ಪು.

"ಬೇಟೆ ಅಂದರೆ ನಮ್ಮ ಕಡೆ," ಅಂತಾನೆ ಝಿಲು,
"ಸುರ್ಲದ ಗುಡ್ಡದಿಂದ ಮಂಜು ಇಳಿಯೋವಾಗ
ನಾಯಿ ಬೊಗಳೋದಿಲ್ಲ, ಬಾಲ ಮಾತ್ರ ನೆಟ್ಟಗೆ.
ಹೊಡೆದವನಿಗೆ ತಲೆ, ಓಡಿಸಿದವರಿಗೆ ಸಮಪಾಲು,
ನಾಯಿಗೂ ಒಂದು ಪಾಲು, ದೇವರಿಗೆ ಕಾಳಿಜ.
ನಿಮ್ಮಲ್ಲೇನಿದೆ? ಹಗ್ಗ ಎಳೆಯೋದು, ಐಸು ಒಡೆಯೋದು."

"ಯಾವ ಕಾಲದ ಮಾತು!" ನೊರೆಯೊಳಗಿಂದ ಕಾಯ್ತಾನ.
"ನಿನ್ನ ಬಂದೂಕು ಇರೋದು ವಾಳಪಯ್ ಠಾಣೆಯಲ್ಲಿ.
ಇಲೆಕ್ಷನ್ ಬಂತು ಅಂದರೆ ಒಪ್ಪಿಸಿ ಬರ್ತೀ,
ಅಲ್ಲಿ ಗೆಲ್ಲೋದು ತುಕ್ಕು ಒಂದೇ.
ಅಮಾಸೆ ರಾತ್ರಿ ನಮ್ಮ ಖಾಜಣದ ತೂಬಿಗೆ ಬಾ,
ಇಳಿತ ಸುರುವಾದಾಗ ಹಲಗೆ ಎತ್ತಿದರೆ ಸಾಕು,
ನದಿ ತಾನೇ ತಂದು ಬಲೆಗೆ ಸುರೀತದೆ.
ಶೆಂವ್ಟೆ, ಚೊಣಾಕ, ಪಟ್ಟೆಪಟ್ಟೆ ಸೀಗಡಿ."

"ಅದು ಬೇಟೆಯಲ್ಲ ಮಾರಾಯ, ವಸೂಲಿ!"
ಝಿಲು ನಗುತ್ತಾನೆ. ಗಲ್ಲ ಅಲುಗುತ್ತದೆ.
ನಾನು ಕತ್ತಿ ತಡೆದು ನಿಲ್ಲುತ್ತೇನೆ.

ಕಾಣಕೋಣದಲ್ಲಿ ಏಡಿ ದಪ್ಪ, ಪೆಡ್ಣೆಯ ಕಲ್ವ ರುಚಿ,
ಸಾಂಗೆಯಲ್ಲಿ ಮೊಲ ಇದೆ, ಮೊಲಕ್ಕಿಂತ ಗಾರ್ಡು ಜಾಸ್ತಿ,
ದಿಚೋಲಿಯಲ್ಲಿ ಮೀನು ಸೀಳಿದರೂ ಗಣಿಯ ಕೆಂಪು.
ಗೋವೆಯ ತಾಲೂಕುಗಳನ್ನೆಲ್ಲ ನಾನು ಸುತ್ತಿದ್ದು ಹೀಗೆ,
ಇವರಿಬ್ಬರ ಗಡ್ಡದ ನಡುವೆ.

ಕಡೆಗೆ ಇಬ್ಬರೂ ಕನ್ನಡಿಯಲ್ಲಿ ನನ್ನ ಹಿಡಿಯುತ್ತಾರೆ:
"ನೀ ಹೇಳು, ಗುರುಶಾಂತ. ನೀನು ಎರಡೂ ತಿನ್ನೋದಿಲ್ಲ.
ತಿನ್ನದವನೇ ತಕ್ಕಡಿ ಹಿಡೀಬೇಕು."

ಹೌದು. ಅಂಗಿಯೊಳಗೆ ಲಿಂಗ, ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯೆ.
ಇಪ್ಪತ್ತೆರಡು ವರ್ಷ ಮೀನುಪೇಟೆಯ ಗಾಳಿ ಉಂಡರೂ
ಒಂದು ಬಾಂಗ್ಡೆಯ ಮುಳ್ಳು ಹಲ್ಲಿಗೆ ಸಿಕ್ಕಿಲ್ಲ.
"ಎರಡೂ ಕಡೆ ಕೂದಲು ಒಂದೇ ಬಣ್ಣ," ಅಂತ ಜಾರಿಕೊಳ್ಳುತ್ತೇನೆ.

"ನಿಮ್ಮೂರಲ್ಲಿ ಏನು ಸಿಗತದೆ?" ಒಮ್ಮೆ ಕಾಯ್ತಾನ ಕೇಳಿದ.
ನರಗುಂದದ ಕಡೆ ಎರಿಹೊಲ, ಕೌಜುಗ,
ಬೆಣ್ಣಿಹಳ್ಳ ಬಂದರೆ ನಾಲ್ಕು ಕೆಸರುಮೀನು ಅಂತ ಸುರುಮಾಡಿದೆ.
ಹಳ್ಳ ಅಂದರೆ ನೀರು,
ನೀರು ಅಂದರೆ ಮಹಾದಾಯಿ.
ಗೋಡೆಯ ಟೀವಿಯಲ್ಲೂ ಅವತ್ತು ಅದೇ ನದಿ, ಅದೇ ಕೋರ್ಟು.
ಸತ್ತರಿ ತಿಸವಾಡಿ ಮೊದಲ ಸಲ ಒಂದಾಗಿ
ನನ್ನ ಕೈಯ ಕತ್ತಿಯನ್ನು ನೋಡಿದವು.
ನಾನು ಫ್ಯಾನು ಜೋರು ಮಾಡಿದೆ.

ಆದರೂ ಜೂನಿನಲ್ಲಿ ಕರೆದರು.
ಮೊದಲ ಮಳೆಗೆ ಮೀನು ಹತ್ತುವ ರಾತ್ರಿ, ಝಿಲುವಿನ ಗದ್ದೆ.
"ತಿನ್ನಬೇಡ, ಕಂದೀಲು ಹಿಡಿ ಸಾಕು."
ಮೊಣಕಾಲುದ್ದ ನೀರಲ್ಲಿ ಇಬ್ಬರ ಕಚ್ಚಾಟ:
"ಇವು ನಮ್ಮ ದಿವಾಡಿಯಿಂದ ಬಂದವು, ಗುರುತು ಹಿಡಿಯಬಲ್ಲೆ."
"ನನ್ನ ಬದು ದಾಟಿದ ಹಂದಿಯೂ ನನ್ನದೇ, ಮೀನೂ ನನ್ನದೇ."
ಕೋಲು, ಕತ್ತಿ, ಬುಟ್ಟಿ, ಬೈಗಳು.

ಆಗ ಒಂದು ನನ್ನ ಪಾದ ಸವರಿ ಹೋಯಿತು,
ತಣ್ಣಗೆ, ಕತ್ತಿಯ ಬೆನ್ನಿನ ಹಾಗೆ.
ಬೆಳಕು ಆ ಕಡೆ ತಿರುಗಿಸಬೇಕಿತ್ತು.
ತಿರುಗಿಸಲಿಲ್ಲ.
ಅದು ಮೇಲಕ್ಕೆ ಹೊರಟಿತ್ತು, ಘಟ್ಟದ ಕಡೆ,
ನೀರು ಬರುವ ದಿಕ್ಕಿಗೆ,
ನಮ್ಮೂರಿನ ಬಸ್ಸು ಹೋಗುವ ದಿಕ್ಕಿಗೆ.

ಬೆಳಗಿನ ಜಾವ ಮನೆಯಲ್ಲಿ ಎರಡು ಸಲ ಕಾಲು ತೊಳೆದೆ.
"ಯಾಕ, ಏನಾತು?" ಅಂದಳು ಶರಣವ್ವ.
ಕೆಸರು, ಅಂದೆ.