ಅಡಿಬಣ್ಣ

ಉಪ್ಪಳ್ಳಿಯ ಶೆಡ್ಡಿನಲ್ಲಿ ಹಳೆ ಟೈರುಗಳ ಮೇಲೆ
ಫಿಯೆಟ್ಟು ಮಗ್ಗುಲಾಗಿ ಮಲಗಿದೆ, ಕೆರೆದಂಡೆಯ ಎಮ್ಮೆಯ ಹಾಗೆ.
ನಿಂತುಕೊಂಡು ಕಾರಿನ ಹೊಟ್ಟೆ ನೋಡುತ್ತಿರುವುದು ಇದೇ ಮೊದಲು.
ಮೂವತ್ತೊಂದು ವರ್ಷ ಮಲಗಿಯೇ ನೋಡಿದವನು ನಾನು.

"ಮೇಲಿನದು ಹೇಗಾದರೂ ಇರಲಿ" ಎಂದಿದ್ದರು ಮರ್ಸೆಲಿನ್ ಟೀಚರು,
"ಅಡಿ ಮಾತ್ರ ಕಾರ್ಖಾನೆಯಿಂದ ಬಂದ ದಿನದ ಹಾಗೇ ಬೇಕು."
ಜಬೀವುಲ್ಲಾ ನಕ್ಕ: ಅಲ್ಲಿ ಯಾರು ಬಗ್ಗಿ ನೋಡ್ತಾರೆ ಟೀಚರ್,
ಎರಡು ಡಬ್ಬ ಡಾಂಬರು ಹೊಡೆದರೆ ನೂರು ವರ್ಷ.
ಅವರು ನಗಲಿಲ್ಲ. ಭೂಗೋಳ ಕಲಿಸಿದವರು.
ಭೂಮಿಗೂ ಒಳಗಿದೆ, ಯಾರು ನೋಡಿದ್ದಾರೆ, ಎಂದರು.

ಹಾಗಾಗಿ ಕೆರೆಯುತ್ತಿದ್ದೇನೆ.
ಉಳಿಯಲ್ಲ; ಮರದ ಚಕ್ಕೆ, ಸೀಮೆಎಣ್ಣೆ, ಸವೆದ ಟೂತ್‌ಬ್ರಷ್ಷು.
ಮೊದಲು ತೊಂಬತ್ತರ ಸುಮಾರಿಗೆ ಯಾರೋ ಬಳಿದ ಡಾಂಬರು,
ಅದರಡಿ ಕಡೂರಿನ ಕರಿಮಣ್ಣು,
ಅದರಡಿ ಕಲ್ಲಾದ ಗ್ರೀಸು, ಗ್ರೀಸಿನಲ್ಲಿ ಹೂತ ಒಂದು ಕಾಫಿ ಬೀಜ,
ಅದರಡಿ ಕೆಮ್ಮಣ್ಣುಗುಂಡಿಯ ಧೂಳು.
ಆಮೇಲೂ ಕೆಂಪೇ ಬಂತು.
ಮಣ್ಣೋ, ತುಕ್ಕೋ, ಬಣ್ಣವೋ?
ಉಗುಳಿಗೆ ಕರಗಿದ್ದು ಮಣ್ಣು,
ಉಗುರಿಗೆ ಉದುರಿದ್ದು ತುಕ್ಕು,
ಎರಡಕ್ಕೂ ಜಗ್ಗದೆ ಉಳಿದದ್ದು ರೆಡ್ ಆಕ್ಸೈಡು.
ಮೂರೂ ಒಂದೇ ಕಬ್ಬಿಣದ ಮಕ್ಕಳು.
ತುಕ್ಕು ಬಾರದಿರಲೆಂದು ತುಕ್ಕನ್ನೇ ಅರೆದು ಬಳಿಯುವ ಬುದ್ಧಿ
ಮೊದಲು ಯಾರಿಗೆ ಬಂತೋ,
ಸಿಡುಬಿಗೆ ಸಿಡುಬನ್ನೇ ಚುಚ್ಚಿದ ಹಾಗೆ.

ಕಂಡದ್ದೆಲ್ಲ ನೋಟ್‌ಬುಕ್ಕಿನಲ್ಲಿದೆ:
ಕೆಂಪು ಎಲ್ಲೂ ಸಮನಾಗಿಲ್ಲ.
ಸೋರಿದ ಗೆರೆಗಳು ಹಿಂದಿನ ಚಕ್ರದ ಕಡೆ ಇಳಿದಿವೆ,
ಅಂದರೆ ಒಣಗುವಾಗ ಮೂಗು ಮೇಲಾಗಿ ತೂಗುಹಾಕಿದ್ದರು.
ಮೈಗೆ ಹೊಡೆದ ತಿಳಿಹಸಿರು ಅಂಚು ದಾಟಿ ಒಳಗೆ ಹಾರಿದೆ,
ರಾಗಿ ಬೀಸುವವಳ ಕೂದಲ ಮೇಲೆ ಕೂರುವ ಹಿಟ್ಟಿನ ಹಾಗೆ.
ಎಡಗಡೆ ಒಂದು ಗೇಣು, ಬಲಗಡೆ ಬರೀ ನಾಲ್ಕು ಬೆರಳು.
ಬಲಗಡೆಯವನು ಕುಳ್ಳನೋ, ಊಟದ ಗಂಟೆ ಹೊಡೆದಿತ್ತೋ.
ಗೇರ್‌ಬಾಕ್ಸಿನ ಹತ್ತಿರ ಹಳದಿ ಸೀಮೆಸುಣ್ಣದ ಗೀಟು,
ಪಕ್ಕದಲ್ಲಿ, ಹಸಿ ಬಣ್ಣಕ್ಕೆ ಒತ್ತಿದ ಅರ್ಧ ಹೆಬ್ಬೆರಳು.

ಕುರ್ಲಾದ ಯಾವನೋ. ಅರವತ್ತೆರಡೋ ಅರವತ್ಮೂರೋ.

ಬಣ್ಣ ಕಲೆಸುವುದು ಕಷ್ಟವಲ್ಲ.
ಅಂಗಡಿಯ ಕೆಂಪಿಗೆ ಚೂರು ಕಂದು, ಹನಿ ಕಪ್ಪು,
ಹೊಳಪು ಸಾಯಲೆಂದು ಫ್ರೆಂಚ್ ಚಾಕ್ ಒಂದು ಚಮಚ.
ನಾಲ್ಕನೇ ತಗಡಿನ ಚೂರಿಗೆ ಟೀಚರು ತಲೆಯಾಡಿಸಿದರು.
ಕಷ್ಟ ಕೈಯದು.
ಗನ್ನು ಹಿಡಿದರೆ ನನ್ನ ಮಣಿಕಟ್ಟು ತಾನಾಗಿ ಸಮ ಹೊಡೆಯುತ್ತದೆ.
ಸೋರಿದ ಹನಿಗೊಂದು ಏಟು ಎಂದು
ಪೇಂಟರ್ ಅರುಳಪ್ಪ ಕಲಿಸಿದ್ದು.
ಈಗ ಸೋರಿಸಬೇಕು.
ಮೂರು ಸಲ ಹೊಡೆದೆ, ಮೂರು ಸಲವೂ ಚೆಂದ ಬಂತು,
ಮೂರು ಸಲವೂ ಥಿನ್ನರ್ ಹಾಕಿ ಒರೆಸಿದೆ.
ನಾಲ್ಕನೆಯದನ್ನು ಬೇಕೆಂದೇ ಕೆಡಿಸಿದೆ.
ಬೇಕೆಂದೇ ಕೆಡಿಸಿದ್ದು ಕಣ್ಣಿಗೆ ಹೊಡೆಯಿತು.

ಆಮೇಲೆ ಚೈನ್ ಪುಲ್ಲಿಯಲ್ಲಿ ಮೂಗು ಮೇಲೆತ್ತಿ
ನಾಗಲಿಂಗನಿಗೆ ಹೇಳಿದೆ: ಮೊಬೈಲಿನಲ್ಲಿ ಆರು ನಿಮಿಷ ಇಡು.
ಗಂಟೆ ಹೊಡೆದರೆ ಮುಂದಿನ ಕಾರು ಬಂತು ಅಂದುಕೋ.
ಎಲ್ಲಿದೆ ಅಣ್ಣಾ ಮುಂದಿನ ಕಾರು?
ಬರುತ್ತಲೇ ಇರುತ್ತದೆ ಮಾರಾಯ, ನೀನು ಗಂಟೆ ನೋಡು.
ಕಂಪ್ರೆಸರ್ ಒದರಿತು.
ಬಾಡಿಗೆ ಕೊಡಬೇಕಾದವನ, ರೈಲು ಹಿಡಿಯಬೇಕಾದವನ
ಆತುರ ಎಲ್ಲಿಂದಲೋ ನನ್ನ ಭುಜಕ್ಕೆ ಬಂತು.
ಕೆಂಪು ಸೋರಿತು, ನಾನು ನಿಂತು ನೋಡಲಿಲ್ಲ.
ಮಾರನೆಯ ದಿನ ಹಸಿರಿಗೂ ಆರೇ ನಿಮಿಷ.
ಬಲಗಡೆ ಮೂರು ಬೆರಳಿಗೇ ನಿಂತಿತು. ಬಿಟ್ಟೆ.

ಟೀಚರು ಗೋಣಿತಾಟು ಹಾಸಿ, ಟಾರ್ಚು ಹಿಡಿದು ಒಳಗೆ ಸರಿದರು.
ಬಹಳ ಹೊತ್ತು ಎರಡು ಪಾದ ಮಾತ್ರ ಕಾಣುತ್ತಿದ್ದವು.
ಹಳದಿ ಗೀಟನ್ನು ತಾವೇ ಎಳೆದರು, ಶಾಲೆಯ ಸೀಮೆಸುಣ್ಣದಲ್ಲಿ.
ಹೆಬ್ಬೆರಳಿನಷ್ಟು ಜಾಗಕ್ಕೆ ಮೊದಲೇ ಕಾಗದ ಅಂಟಿಸಿದ್ದೆ,
ಅದು ಅವನದೇ.

ಮಲ್ಲಂದೂರು ರಸ್ತೆ ಕೆಸರಾಗಿದೆ, ಇವತ್ತೇ ಓಡಿಸಬೇಡಿ ಎಂದೆ.
ಹತ್ತಲಿ ಬಿಡಿ, ಎಂದು ಕೀಲಿಗೆ ಕೈಚಾಚಿದರು.

ಬಿಲ್ಲು ಬರೆಯುತ್ತಿದ್ದ ಜಬೀವುಲ್ಲಾ ಪೆನ್ನು ಎತ್ತಿ ಕೇಳಿದ:
ಸೋರಿಸಿದ್ದಕ್ಕೆ ಎಷ್ಟು ಹಾಕಲಿ?